ಗಗನಮಾರ್ಗದ ದೀಪವಿಧಿ

ಹೇಮಾವತಿಯ ದಂಡೆಯಲ್ಲಿರುವ ಅಕ್ಕಿಹೆಬ್ಬಾಳಿನಲ್ಲಿ ರಾತ್ರಿಯೂಟ ಮುಗಿಸಿ ಅಂಗಳಕ್ಕೆ ಬಂದವರು ತಲೆಯೆತ್ತಿ ನೋಡಿದರೆ, ನಕ್ಷತ್ರಗಳ ನಡುವೆ ಮಿನುಗುತ್ತ, ತನ್ನ ಸದ್ದನ್ನು ಬಹುದೂರ ಹಿಂದೆ ಬಿಟ್ಟು ಸಾಗುವ ಬೆಳಕೊಂದು ಕಾಣುವುದು ಈಚಿನ ವರ್ಷಗಳಲ್ಲಿ ಅಪೂರ್ವವಾದ ಸಂಗತಿಯೇನೂ ಅಲ್ಲ. ಭೂಪಟವನ್ನು ಹರಡಿ ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣಕ್ಕೂ ಮಲೆಯಾಳ ಸೀಮೆಯ ಕಣ್ಣೂರಿಗೂ ನೇರವಾದ ಗೆರೆಯೊಂದನ್ನು ಎಳೆದರೆ ಆ ಗೆರೆ ಪಾಂಡವಪುರಕ್ಕೂ ಕೃಷ್ಣರಾಜಪೇಟೆಗೂ ಸೇರಿದ ಈ ನೆಲದ ಮೇಲೆಯೇ ಹಾದುಹೋಗುತ್ತದೆ. ದಕ್ಷಿಣಕ್ಕೆ ಮೈಸೂರಿನ ಮಂಡಕಳ್ಳಿಯ ನಿಲ್ದಾಣವೂ ಬಹಳ ದೂರದಲ್ಲಿಲ್ಲ. ಆ ಬೆಳಕನ್ನು ನೋಡಿದ ಮಕ್ಕಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಷ್ಟು ಎತ್ತರದಲ್ಲಿ ದೀಪ ಹಚ್ಚಿಕೊಂಡು ಅವರು ಏನನ್ನು ನೋಡುತ್ತಾರೆ? ಹಿರಿಯರು ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೇ: ದಾರಿ ಕಾಣಲೆಂದು. ಈ ಉತ್ತರ ಸಹಜವಾದರೂ ಸರಿಯಾದುದಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ದೀಪದಿಂದ ಕಾಣತಕ್ಕ ದಾರಿಯೆಂಬುದೇ ಇಲ್ಲ. ವಿಮಾನದ ಹೊರಮೈಯಲ್ಲಿರುವ ದೀಪಗಳಲ್ಲಿ ಹೆಚ್ಚಿನವು ಅದರೊಳಗೆ ಕುಳಿತವರ ಕಣ್ಣಿಗಾಗಿ ಇಟ್ಟವಲ್ಲ. ಹೊರಗೆ ಇರಬಹುದಾದ ಇನ್ನೊಬ್ಬನ ಕಣ್ಣಿಗಾಗಿ ಇಟ್ಟವು.

ಹಿಂದಿನ ಕಾಲದಲ್ಲಿ ಕೃಷ್ಣರಾಜಪೇಟೆಯ ಸಂತೆಯಿಂದ ಕತ್ತಲಾದ ಮೇಲೆ ಹಿಂದಿರುಗುತ್ತಿದ್ದ ಎತ್ತಿನಗಾಡಿಯ ಅಚ್ಚಿಗೆ ಒಂದು ಲಾಟೀನನ್ನು ತೂಗಹಾಕುತ್ತಿದ್ದುದು ಹಲವರಿಗೆ ನೆನಪಿರಬಹುದು. ಎತ್ತುಗಳಿಗೆ ಊರಿನ ದಾರಿ ತಿಳಿದೇ ಇತ್ತು, ಗಾಡಿ ಹೊಡೆಯುವವನು ಎಷ್ಟೋ ವೇಳೆ ತೂಕಡಿಸುತ್ತಲೇ ಮನೆ ಸೇರುತ್ತಿದ್ದ. ಆ ಲಾಟೀನು ಎದುರಿನಿಂದಲೋ ಹಿಂದಿನಿಂದಲೋ ಬರುವ ಮೋಟಾರಿನವನಿಗೆ ಗಾಡಿ ಇದೆಯೆಂದು ತಿಳಿಸುವುದಕ್ಕೆ ಮಾತ್ರ ಇತ್ತು. ವಿಮಾನದ ದೀಪಶಾಸ್ತ್ರದ ಮೂಲತತ್ತ್ವ ಇಷ್ಟೇ. ಆದರೆ ರಸ್ತೆಯ ಮೇಲೆ ಹಿಂದು ಮುಂದುಗಳೆಂಬ ಎರಡೇ ದಿಕ್ಕುಗಳಿದ್ದರೆ ಆಕಾಶದಲ್ಲಿ ಎಲ್ಲ ದಿಕ್ಕುಗಳೂ ಮಾರ್ಗವೇ ಆದಕಾರಣ, ಅಲ್ಲಿಯ ದೀಪವು ‘ನಾನಿದ್ದೇನೆ’ ಎಂದು ಹೇಳಿದರೆ ಸಾಲದು, ‘ನಾನು ಇಂಥ ಕಡೆಗೆ ಹೋಗುತ್ತಿದ್ದೇನೆ’ ಎಂದೂ ಹೇಳಬೇಕಾಗುತ್ತದೆ. ಈ ಎರಡು ಮಾತುಗಳನ್ನು ಎರಡು ಬಗೆಯ ದೀಪಗಳಿಗೆ ಹಂಚಿಕೊಟ್ಟಿರುವುದರಲ್ಲಿಯೇ ನಿಯಮದ ಜಾಣ್ಮೆಯೆಲ್ಲ ಅಡಗಿದೆ.

ದಿಕ್ಕನ್ನು ಹೇಳುವ ದೀಪಗಳನ್ನು ನ್ಯಾವಿಗೇಷನ್ ಲೈಟ್ ಎನ್ನುತ್ತಾರೆ. ಇವು ಮಿನುಗದೆ ಒಂದೇ ಸಮನೆ ಉರಿಯುತ್ತವೆ: ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯ ತುದಿಯಲ್ಲಿ ಹಸಿರು, ಹಿಂಬದಿಯಲ್ಲಿ ಬಿಳಿ. ಕೆಂಪು ದೀಪವು ನೇರ ಮುಂದಿನಿಂದ ಮೊದಲಾಗಿ ಎಡಕ್ಕೆ 110 ಡಿಗ್ರಿಯಷ್ಟು ದೂರ ಕಾಣುವಂತೆಯೂ, ಹಸಿರು ದೀಪವು ಅಷ್ಟೇ ಕೋನ ಬಲಕ್ಕೆ ಕಾಣುವಂತೆಯೂ, ಉಳಿದ 140 ಡಿಗ್ರಿಯಲ್ಲಿ ಹಿಂದಿನ ಬಿಳಿಯ ದೀಪ ಕಾಣುವಂತೆಯೂ ಅವುಗಳಿಗೆ ಮರೆ ಕಟ್ಟಿರುತ್ತಾರೆ. ಮೂರನ್ನೂ ಕೂಡಿಸಿದರೆ ವೃತ್ತದ 360 ಡಿಗ್ರಿಯೂ ತುಂಬಿ, ಯಾವ ಕಡೆಯಿಂದ ನೋಡಿದರೂ ಒಂದಲ್ಲ ಒಂದು ಬಣ್ಣ ಕಣ್ಣಿಗೆ ಬೀಳದೆ ಇರುವಂತಿಲ್ಲ. ದಕ್ಷಿಣಕ್ಕೆ ಮುಖಮಾಡಿ ನಿಂತವನ ಎದುರಿಗೆ, ಆಕಾಶದ ಕೆಳಭಾಗದಲ್ಲಿ, ವಿಮಾನವೊಂದು ಪಡುವಲಿಗೆ ಸಾಗುತ್ತಿದ್ದರೆ ಅದರ ಬಲಮಗ್ಗುಲಿನ ಹಸಿರು ಕಾಣಬೇಕು. ಮೂಡಲಿಗೆ, ಎಂದರೆ ಬೆಂಗಳೂರಿನ ಕಡೆಗೆ, ಸಾಗುತ್ತಿದ್ದರೆ ಎಡಮಗ್ಗುಲಿನ ಕೆಂಪು ಕಾಣಬೇಕು. ತಲೆಯ ನೇರಕ್ಕೆ ಬಂದಾಗ ಎರಡೂ ಕಾಣುತ್ತವೆ. ಬಹಳ ಎತ್ತರದಲ್ಲಿ ಹಾರುವಾಗ ಈ ಸ್ಥಿರದೀಪಗಳು ಬರಿಗಣ್ಣಿಗೆ ಮಸುಕಾಗಿ, ಬಿಳಿಯ ಮಿಂಚುದೀಪವೊಂದೇ ಎದ್ದು ಕಾಣುವುದುಂಟು. ಮಂಡಕಳ್ಳಿಯಲ್ಲಿ ಇಳಿಯಲೆಂದು ತಗ್ಗಿ ಬರುವ ವಿಮಾನದಲ್ಲಿ ಬಣ್ಣಗಳನ್ನು ನಿಚ್ಚಳವಾಗಿ ಗುರುತಿಸಬಹುದು.

ನಮ್ಮೂರಿನ ರೈಲುನಿಲ್ದಾಣದ ಕೈಮರವನ್ನು ಕಂಡು ಬೆಳೆದವರಿಗೆ ಕೆಂಪೆಂದರೆ ನಿಲ್ಲು, ಹಸಿರೆಂದರೆ ನಡೆ ಎಂಬ ಅರ್ಥವೇ ಮನಸ್ಸಿನಲ್ಲಿ ನೆಲೆಯೂರಿರುತ್ತದೆ. ಒಂದೇ ವಿಮಾನದ ಮೈಮೇಲೆ ಎರಡೂ ಒಟ್ಟಿಗೆ ಉರಿಯುತ್ತಿರುವುದನ್ನು ಕಂಡಾಗ ಅವರಿಗೆ ವಿರೋಧವೆಂದೇ ತೋರಬಹುದು. ಆದರೆ ಆಕಾಶಸಂಚಾರದ ಇನ್ನೊಂದು ವಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ವಿರೋಧ ತಾನಾಗಿಯೇ ಕರಗುತ್ತದೆ. ಸರಿಸುಮಾರು ಒಂದೇ ಎತ್ತರದಲ್ಲಿ ಎರಡು ವಿಮಾನಗಳ ಪಥಗಳು ಅಡ್ಡಹಾಯುವಂತಿದ್ದರೆ, ಯಾವುದರ ಬಲಗಡೆಗೆ ಮತ್ತೊಂದು ವಿಮಾನವಿದೆಯೋ ಅದೇ ದಾರಿಬಿಡತಕ್ಕದ್ದು ಎಂಬುದು ಅಂತರರಾಷ್ಟ್ರೀಯ ನಿಯಮ. ಈಗ ವಿಚಾರಮಾಡೋಣ: ನನ್ನ ಬಲಗಡೆಯಿಂದ ಎಡಕ್ಕೆ ಅಡ್ಡವಾಗಿ ಬರುತ್ತಿರುವ ವಿಮಾನವು ನನಗೆ ತೋರುವುದು ತನ್ನ ಎಡಮಗ್ಗುಲನ್ನು, ಎಂದರೆ ಕೆಂಪನ್ನು, ಆದ್ದರಿಂದ ದಾರಿ ಬಿಡಬೇಕಾದವನು ನಾನು. ನನ್ನ ಎಡಗಡೆಯಿಂದ ಬರುತ್ತಿರುವುದು ತನ್ನ ಬಲಮಗ್ಗುಲಿನ ಹಸಿರನ್ನು ನನಗೆ ತೋರುತ್ತದೆ. ನಾನು ನನ್ನ ಪಥದಲ್ಲಿ ಮುಂದುವರಿಯಬಹುದು. ಹೀಗೆ ಯಾರೂ ಯಾರಿಗೂ ಕೈಮರ ತೋರಿಸದೆ, ಒಬ್ಬರೊಡನೊಬ್ಬರು ಮಾತಾಡದೆ, ಬಣ್ಣವನ್ನು ಕಂಡ ಮಾತ್ರದಿಂದಲೇ ತಂತಮ್ಮ ಕರ್ತವ್ಯವನ್ನು ತಿಳಿಯುವಂತಾಗುತ್ತದೆ. ಕೆಂಪೂ ಹಸಿರೂ ಏಕಕಾಲದಲ್ಲಿ ಕಂಡರೆ ವಿಮಾನವು ಎದುರಾಗಿಯೇ ಬರುತ್ತಿದೆ ಎಂದರ್ಥ. ಆಗ ಇಬ್ಬರೂ ಬಲಕ್ಕೆ ಸರಿಯಬೇಕು. ಬಿಳಿಯದು ಮಾತ್ರ ಕಂಡರೆ ನಾವು ಅದರ ಬೆನ್ನ ಹಿಂದೆ ಇದ್ದೇವೆ. ‘ಹಿಂದಿಕ್ಕುವ ವಿಮಾನ’ ಎಂಬ ಮಾತಿನ ಲಕ್ಷಣವನ್ನು ನಿರೂಪಿಸುವಾಗ ನಿಯಮಕಾರರು ಈ ದೀಪಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ: ರಾತ್ರಿಯಲ್ಲಿ ಮುಂದಿನ ವಿಮಾನದ ಕೆಂಪಾಗಲಿ ಹಸಿರಾಗಲಿ ಕಾಣದ ಸ್ಥಾನದಿಂದ ಯಾವುದು ಸಮೀಪಿಸುತ್ತದೆಯೋ ಅದು ಹಿಂದಿಕ್ಕುವ ವಿಮಾನ, ಬಲಕ್ಕೆ ತಿರುಗಿ ದೂರ ಸರಿಯುವ ಹೊಣೆ ಅದರದು. ಶಾಸನಭಾಷೆಯಲ್ಲಿ ಇಷ್ಟು ಸುಂದರವಾದ ವ್ಯಾಖ್ಯೆಗಳು ಹೆಚ್ಚಾಗಿ ಸಿಕ್ಕುವುದಿಲ್ಲವೆಂದು ನನ್ನ ಅಭಿಪ್ರಾಯ.

ಈ ವರ್ಣವಿನ್ಯಾಸ ವೈಮಾನಿಕರು ಕಲ್ಪಿಸಿದುದಲ್ಲ; ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಉಗಿಹಡಗುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದು ಹೆಚ್ಚಿದಾಗ ನಾವಿಕರು ರೂಢಿಗೆ ತಂದುದನ್ನು ಅವರು ಹಾಗೆಯೇ ಎರವಲು ಪಡೆದರು. ಮೊದಲನೆಯ ಮಹಾಯುದ್ಧ ಮುಗಿದ ಬಳಿಕ 1919ರಲ್ಲಿ ಪ್ಯಾರಿಸ್ಸಿನಲ್ಲಿ ಆದ ವಿಮಾನಸಂಚಾರದ ಒಪ್ಪಂದಕ್ಕೆ ದೀಪಗಳನ್ನೂ ಸಂಕೇತಗಳನ್ನೂ ಕುರಿತ ಅನುಬಂಧವೊಂದನ್ನು ಸೇರಿಸಿದ್ದರು. 1944ರ ಡಿಸೆಂಬರಿನಲ್ಲಿ ಶಿಕಾಗೋ ನಗರದಲ್ಲಿ ಅಂಗೀಕೃತವಾದ ಒಡಂಬಡಿಕೆ ಅದರ ಸ್ಥಾನಕ್ಕೆ ಬಂದಿತು. ಅದರ ಎರಡನೆಯ ಅನುಬಂಧವಾದ ವಾಯುಸಂಚಾರ ನಿಯಮಾವಳಿ 1948ರಲ್ಲಿ ಹೊರಬಿದ್ದಿತು. ಭಾರತವೂ ಅದಕ್ಕೆ ಬದ್ಧವಾಗಿದ್ದು, ಇಲ್ಲಿ ಅದನ್ನು ಜಾರಿಯಲ್ಲಿಡುವ ಅಧಿಕಾರ ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಅಕ್ಕಿಹೆಬ್ಬಾಳು ಎಂಬ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತಿದ್ದ ಎ. ಎನ್. ಮೂರ್ತಿರಾಯರು ಹುಟ್ಟಿದ್ದು 1900ರಲ್ಲಿ, ರೈಟ್ ಸೋದರರ ಯಂತ್ರ ಮೊದಲ ಬಾರಿಗೆ ನೆಲಬಿಟ್ಟೇಳುವುದಕ್ಕೆ ಮೂರು ವರ್ಷ ಮೊದಲು. ಅವರು ತೀರಿಕೊಂಡದ್ದು 2003ರಲ್ಲಿ, ಆ ಹಾರಾಟಕ್ಕೆ ನೂರು ತುಂಬಿದ ವರ್ಷದಲ್ಲಿ. ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನು ಬರೆದ ಆ ಹಿರಿಯರ ಒಂದೇ ಆಯುಷ್ಯದೊಳಗೆ, ದೀಪವೇ ಇಲ್ಲದ ಬಿದಿರುಬಟ್ಟೆಯ ಯಂತ್ರಗಳಿಂದ ಮೊದಲಾಗಿ ಈ ವಿಧಿನಿಷೇಧಗಳೆಲ್ಲ ಹುಟ್ಟಿ, ಬೆಳೆದು, ಲೋಕವ್ಯಾಪಿಯಾದವೆಂಬುದನ್ನು ನೆನೆದಾಗ ನನಗೆ ವಿಸ್ಮಯವಾಗುತ್ತದೆ.

ನಿಯಮದ ಒಡಲನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗಿದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹಾರಾಟದಲ್ಲಿರುವ ಪ್ರತಿಯೊಂದು ವಿಮಾನವೂ ತನ್ನ ಪಥವನ್ನು ಸೂಚಿಸುವ ಸ್ಥಿರದೀಪಗಳನ್ನೂ, ಗಮನವನ್ನು ತನ್ನೆಡೆಗೆ ಸೆಳೆಯುವ ಘರ್ಷಣೆನಿವಾರಕ ದೀಪಗಳನ್ನೂ ಉರಿಸತಕ್ಕದ್ದು. ಇವೆಂದು ಭ್ರಮೆ ಹುಟ್ಟಿಸಬಹುದಾದ ಬೇರೆ ಯಾವ ದೀಪವನ್ನೂ ಉರಿಸಕೂಡದು. ನೆಲದ ಮೇಲೆ ನಿಲ್ದಾಣದ ಸಂಚಾರಭಾಗದಲ್ಲಿ ಚಲಿಸುವಾಗಲೂ ಇದೇ ಕಟ್ಟಳೆ. ಅಲ್ಲದೆ ಎಂಜಿನ್ ನಡೆಯುತ್ತಿದ್ದರೆ ನಡೆಯುತ್ತಿದೆಯೆಂದು ದೀಪವೇ ಸಾರಬೇಕು. ಘರ್ಷಣೆನಿವಾರಕ ದೀಪಗಳನ್ನು ಅಳವಡಿಸಿರುವ ವಿಮಾನವು ಹಗಲಿನಲ್ಲಿಯೂ ಅವನ್ನು ಹಚ್ಚಿಕೊಂಡೇ ಹಾರಬೇಕೆಂದು ಹೇಳಿರುವುದನ್ನು ಗಮನಿಸಬೇಕು.

ಘರ್ಷಣೆನಿವಾರಕ ದೀಪದಲ್ಲಿ ಎರಡು ವಿಧ. ಒಡಲಿನ ನೆತ್ತಿಯಲ್ಲಿಯೂ ಹೊಟ್ಟೆಯಡಿಯಲ್ಲಿಯೂ ಮಿನುಗುವ ಕೆಂಪು ದೀಪಕ್ಕೆ ಬೀಕನ್ ಎಂದು ಹೆಸರು. ರೆಕ್ಕೆಗಳ ತುದಿಯಲ್ಲಿ ಛಟ್ಟನೆ ಮಿಂಚಿ ಮಾಯವಾಗುವ ಬಿಳಿಯ ದೀಪಕ್ಕೆ ಸ್ಟ್ರೋಬ್ ಎಂದು ಹೆಸರು. ಒಂದು ದೀಪ ನಿಮಿಷಕ್ಕೆ 40ಕ್ಕೆ ಕಡಮೆಯಿಲ್ಲದೆ, 100ಕ್ಕೆ ಮೀರದೆ ಮಿನುಗಬೇಕೆಂಬುದು ಇವುಗಳ ನಿರ್ಮಾಣಕ್ಕಿರುವ ಮಾನದಂಡ. ಬೀಕನ್ ಮುಖ್ಯವಾಗಿ ನೆಲದ ಮೇಲಿನ ಜನರಿಗೆ ಸಂಬಂಧಿಸಿದ್ದು. ಮಂಡಕಳ್ಳಿಗೆ ಬರುವ ಎ.ಟಿ.ಆರ್. ವರ್ಗದ ವಿಮಾನಕ್ಕೆ ರೆಕ್ಕೆಗೊಂದರಂತೆ ಪ್ರೊಪೆಲ್ಲರ್ ಇರುತ್ತದೆಯಷ್ಟೆ. ಅದು ವೇಗವಾಗಿ ಸುತ್ತತೊಡಗಿದಾಗ ಅಲಗುಗಳು ಕಣ್ಣಿಗೆ ಕಾಣದಂತಾಗುತ್ತವೆ. ಮುಸ್ಸಂಜೆಯ ಮಬ್ಬಿನಲ್ಲಿ, ಕಿವಿಗಳನ್ನು ಮುಚ್ಚಿಕೊಂಡು, ಲಗೇಜಿನ ಗಾಡಿಯನ್ನು ತಳ್ಳುತ್ತಲೋ ಚಕ್ರಕ್ಕೆ ಕೊಟ್ಟ ಮರದ ತಡೆಯನ್ನು ತೆಗೆಯುತ್ತಲೋ ಇರುವ ಕೆಲಸಗಾರನಿಗೆ ಅಲ್ಲಿ ಮೃತ್ಯುವೇ ಸುಳಿಯುತ್ತಿದೆಯೆಂದು ತಿಳಿಸಬಲ್ಲದ್ದು ಆ ಕೆಂಪು ಮಿನುಗು ಮಾತ್ರ. ಆದ್ದರಿಂದಲೇ ಎಂಜಿನ್ ಚಾಲೂ ಮಾಡುವುದಕ್ಕೆ ಮೊದಲೇ ಬೀಕನ್ ಹಚ್ಚಬೇಕು, ಎಂಜಿನ್ ಪೂರ್ತಿ ನಿಂತಮೇಲೆಯೇ ಆರಿಸಬೇಕು. ಅದು ಆರುವವರೆಗೆ ನೆಲದ ಸಿಬ್ಬಂದಿ ಹತ್ತಿರ ಸುಳಿಯಬಾರದು. ಸಂಬಳ ಕಡಮೆಯಿರುವ, ಪ್ರಯಾಣಿಕರ ಕಣ್ಣಿಗೆ ಬೀಳದ ಆ ಕೆಲಸಗಾರರ ಪ್ರಾಣಕ್ಕೆ ಕಾವಲಾಗಿರುವ ಈ ಕಟ್ಟಳೆಯನ್ನು ನಾನು ದೀಪವಿಧಿಗಳಲ್ಲೆಲ್ಲ ಮೊದಲನೆಯ ಸ್ಥಾನದಲ್ಲಿ ಇಡುತ್ತೇನೆ.

ಸ್ಟ್ರೋಬ್ ದೀಪದ ಕಥೆ ದುಃಖಕರವಾದುದು. 1991ರ ಫೆಬ್ರವರಿ 1ರ ಸಂಜೆ, ಅಮೆರಿಕದ ಲಾಸ್ ಏಂಜಲಿಸ್ ನಿಲ್ದಾಣದಲ್ಲಿ ಚಿಕ್ಕ ಪ್ರಯಾಣಿಕ ವಿಮಾನವೊಂದು ಅಪ್ಪಣೆಯಂತೆ ರನ್‌ವೇಯನ್ನು ಪ್ರವೇಶಿಸಿ, ಹಾರುವುದಕ್ಕೆ ಅನುಮತಿಯನ್ನು ಕಾಯುತ್ತ ನಿಂತಿತ್ತು. ನಿಯಂತ್ರಣಗೋಪುರದಲ್ಲಿದ್ದವರಿಗೆ ಅದರ ಇರವು ಮರೆತುಹೋಗಿ, ಬೋಯಿಂಗ್ 737 ವಿಮಾನವೊಂದಕ್ಕೆ ಅದೇ ರನ್‌ವೇಯ ಮೇಲೆ ಇಳಿಯಲು ಅನುಮತಿ ಸಿಕ್ಕಿಬಿಟ್ಟಿತು. ಇಳಿಯುವವರ ಕಣ್ಣಿಗೆ ಆ ಚಿಕ್ಕ ವಿಮಾನದ ದೀಪಗಳು ರನ್‌ವೇಯ ಸಾಲುದೀಪಗಳಲ್ಲಿ ಒಂದಾಗಿ ಬೆರೆತುಹೋಗಿದ್ದವು. ಹಾರಲು ಅನುಮತಿ ದೊರೆತ ಬಳಿಕ ಸ್ಟ್ರೋಬ್ ಹಚ್ಚುವುದು ಅಂದಿನ ವಾಡಿಕೆ. ಎರಡೂ ವಿಮಾನಗಳು ಢಿಕ್ಕಿಯಾಗಿ 35 ಮಂದಿ ಮಡಿದರು. ಇಂದು ರನ್‌ವೇಯ ಅಂಚನ್ನು ದಾಟುವ ಕ್ಷಣದಲ್ಲಿಯೇ, ಅದರ ಮೇಲೆ ನಿಲ್ಲುವುದಕ್ಕಾಗಲಿ, ಅಡ್ಡದಾಟುವುದಕ್ಕಾಗಲಿ, ಸ್ಟ್ರೋಬ್ ಬೆಳಗಿಸುವ ಪದ್ಧತಿ ವ್ಯಾಪಕವಾಗಿದ್ದು, ಹಾರುವ ಅನುಮತಿ ದೊರೆತ ಬಳಿಕ ಮುಂದಿನ ಪ್ರಖರವಾದ ಲ್ಯಾಂಡಿಂಗ್ ಲೈಟನ್ನೂ ಹಚ್ಚುತ್ತಾರೆ. ಹೀಗೆ ಹಿಂದಿನಿಂದ ಇಳಿದುಬರುತ್ತಿರುವ ವೈಮಾನಿಕನು, ರೇಡಿಯೋದಲ್ಲಿ ಯಾರು ಏನೇ ಹೇಳಿರಲಿ, ತನ್ನ ಕಣ್ಣಿನಿಂದಲೇ ರನ್‌ವೇಯ ಸ್ಥಿತಿಯನ್ನು ಓದಿಕೊಳ್ಳಬಹುದು. ಇಷ್ಟೆಲ್ಲ ಇದ್ದೂ ಅಪಾಯ ನಿರ್ಮೂಲವಾಯಿತೆಂದಲ್ಲ: 2024ರ ಜನವರಿ 2ರಂದು ಟೋಕಿಯೋದ ಹನೇದಾ ನಿಲ್ದಾಣದಲ್ಲಿ ರನ್‌ವೇಯ ಮೇಲೆ ನಿಂತಿದ್ದ ಕರಾವಳಿ ಕಾವಲುಪಡೆಯ ವಿಮಾನಕ್ಕೆ ಇಳಿಯುತ್ತಿದ್ದ ದೊಡ್ಡ ವಿಮಾನ ಬಡಿದು, ಕಾವಲುಪಡೆಯ ಐವರು ಸತ್ತರು, ದೊಡ್ಡ ವಿಮಾನದಲ್ಲಿದ್ದ 379 ಜನರೂ ಪಾರಾದದ್ದು ಪುಣ್ಯ.

ಈ ವಿಧಿಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಬೆರಳುಗಾತ್ರದ ಕೆಲವು ಸ್ವಿಚ್ಚುಗಳಲ್ಲಿ. ಬೆಂಗಳೂರಿನಿಂದ ಹಾರುವ ಏರ್‌ಬಸ್ 320 ವಿಮಾನದ ಚಾಲಕರ ತಲೆಯ ಮೇಲೆ, ಚಾವಣಿಯಲ್ಲಿರುವ ಫಲಕದ ಕೆಳಗಿನ ಅಂಚಿನಲ್ಲಿ, ಹೊರದೀಪಗಳ ಸ್ವಿಚ್ಚುಗಳು ಸಾಲುಗೊಂಡಿರುತ್ತವೆ: ಸ್ಟ್ರೋಬ್, ಬೀಕನ್, ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿದೆಯೇ ಎಂದು ನೋಡುವ ದೀಪ, ನ್ಯಾವಿಗೇಷನ್ ದೀಪವೂ ಬಾಲದ ಮೇಲಿನ ಲಾಂಛನವನ್ನು ಬೆಳಗುವ ದೀಪವೂ ಕೂಡಿದ ಸ್ವಿಚ್ಚು, ತಿರುವಿನ ದೀಪ, ಎಡಬಲದ ಲ್ಯಾಂಡಿಂಗ್ ದೀಪಗಳು, ಮೂತಿಯ ದೀಪ. ಇವುಗಳಲ್ಲಿ ಸ್ಟ್ರೋಬಿನ ಸ್ವಿಚ್ಚಿಗೆ ಮೂರು ಸ್ಥಾನಗಳು; ನಡುವಿನದು ‘ಆಟೋ’. ಆ ಸ್ಥಾನದಲ್ಲಿಟ್ಟರೆ ಚಕ್ರಗಳು ನೆಲವನ್ನು ಬಿಟ್ಟೊಡನೆ ದೀಪ ತಾನಾಗಿಯೇ ಹತ್ತಿಕೊಳ್ಳುತ್ತದೆ, ಚಕ್ರಗಳು ನೆಲ ಮುಟ್ಟಿದೊಡನೆ ತಾನಾಗಿಯೇ ಆರುತ್ತದೆ. ಆದರೆ ಲಾಸ್ ಏಂಜಲಿಸ್ಸಿನ ಅನಾಹುತ ನಡೆದದ್ದು ನೆಲದ ಮೇಲೆ. ಅಲ್ಲಿ ‘ಆಟೋ’ ಯಾವ ರಕ್ಷಣೆಯನ್ನೂ ಕೊಡಲಾರದು. ಆದಕಾರಣ ರನ್‌ವೇಯನ್ನು ಪ್ರವೇಶಿಸುವಾಗ ಚಾಲಕನು ಕೈಯೆತ್ತಿ ಅದನ್ನು ‘ಆನ್’ ಸ್ಥಾನಕ್ಕೆ ತಳ್ಳಲೇಬೇಕು. ಯಂತ್ರದ ಸೌಕರ್ಯವು ಎಲ್ಲಿ ಮುಗಿಯುತ್ತದೆ, ಮನುಷ್ಯನ ಎಚ್ಚರಿಕೆ ಎಲ್ಲಿಂದ ಮೊದಲಾಗಬೇಕು ಎಂಬ ಗಡಿ ಆ ಅರ್ಧ ಅಂಗುಲದ ಚಲನೆಯಲ್ಲಿದೆ.

ದಾರಿಯನ್ನು ನಿಜವಾಗಿಯೂ ಬೆಳಗುವ ದೀಪಗಳೆಂದರೆ ಲ್ಯಾಂಡಿಂಗ್ ಲೈಟ್, ಟ್ಯಾಕ್ಸಿ ಲೈಟ್ ಮೊದಲಾದವು ಮಾತ್ರ. ಅವುಗಳಿಗೂ ಕಾಣಿಸಿಕೊಳ್ಳುವ ಕೆಲಸವನ್ನು ರೂಢಿ ವಹಿಸಿಕೊಟ್ಟಿದೆ. ಹತ್ತು ಸಾವಿರ ಅಡಿಗಿಂತ ಕೆಳಗೆ, ಹಗಲಾಗಲಿ ಇರುಳಾಗಲಿ, ಲ್ಯಾಂಡಿಂಗ್ ದೀಪಗಳನ್ನು ಹಚ್ಚಿಕೊಂಡೇ ಹಾರುವುದು ಬಹುತೇಕ ವಿಮಾನಸಂಸ್ಥೆಗಳ ಪದ್ಧತಿ. ಹಕ್ಕಿಗಳೂ ಆ ಬೆಳಕನ್ನು ಕಂಡು ಬೇಗ ದೂರ ಸರಿಯುತ್ತವೆಂಬ ನಂಬಿಕೆ ವೈಮಾನಿಕರಲ್ಲಿ ಬಲವಾಗಿದೆ. ರಂಗನತಿಟ್ಟಿನ ಕೊಕ್ಕರೆ ಬಾತುಗಳ ನೆರೆಯಲ್ಲಿ ಮೈಸೂರಿನ ನಿಲ್ದಾಣವಿರುವುದರಿಂದ ಈ ಸೀಮೆಯ ಓದುಗರಿಗೆ ಅದು ಹೊರಗಿನ ಮಾತಾಗಿ ಕಾಣಲಾರದು.

ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂದು ನಿಯಮವು ಎಲ್ಲಿಯೂ ಹೇಳಿಲ್ಲ. ಮಿಂಚುದೀಪವು ಚಾಲಕನ ಕೆಲಸಕ್ಕೆ ಅಡ್ಡಿಯಾಗುವಂತಿದ್ದರೆ, ಅಥವಾ ಹೊರಗೆ ನೋಡುತ್ತಿರುವವನ ಕಣ್ಣು ಕೋರೈಸುವಂತಿದ್ದರೆ, ಅದನ್ನು ಆರಿಸುವುದಕ್ಕೂ ಮಂದಗೊಳಿಸುವುದಕ್ಕೂ ಸ್ಪಷ್ಟವಾದ ಅನುಮತಿಯಿದೆ. ದಟ್ಟವಾದ ಮೋಡದೊಳಗೆ ಸ್ಟ್ರೋಬ್ ಮಿಂಚಿದರೆ ಸುತ್ತಲಿನ ಮಂಜೆಲ್ಲ ಮತ್ತೆಮತ್ತೆ ಬೆಳ್ಳಗೆ ಉರಿದು, ಒಳಗೆ ಕುಳಿತವನಿಗೆ ಮೇಲು ಕೆಳಗುಗಳ ಅರಿವೇ ತಪ್ಪುವುದುಂಟು. ಆಗ ಆರಿಸುವುದೇ ವಿವೇಕ. ನಿಲ್ದಾಣದಲ್ಲಿ ಎದುರುಬದುರಾಗಿ ನಿಂತಾಗ ಇನ್ನೊಂದು ವಿಮಾನಕ್ಕೆ ದಾರಿಬಿಟ್ಟು ಕಾಯುವವನು ತನ್ನ ಟ್ಯಾಕ್ಸಿ ದೀಪವನ್ನು ಆರಿಸುತ್ತಾನೆ: ‘ನಾನು ನಿಂತಿದ್ದೇನೆ, ನೀನು ನಡೆ’ ಎಂಬ ಸೂಚನೆಯೂ ಅದೇ, ಎದುರಿನವನ ಕಣ್ಣಿಗೆ ತೋರುವ ದಾಕ್ಷಿಣ್ಯವೂ ಅದೇ. ಶ್ರೀರಂಗಪಟ್ಟಣದ ಹೆದ್ದಾರಿಯಲ್ಲಿ ರಾತ್ರಿ ಎದುರಿನ ಲಾರಿಯ ಹೈಬೀಮಿಗೆ ಕಣ್ಣುಕಿವಿಚಿಕೊಂಡವರಿಗೆ ಈ ದಾಕ್ಷಿಣ್ಯದ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ದೀಪಕ್ಕಿರುವ ಮಿತಿಯನ್ನೂ ಹೇಳಲೇಬೇಕು. ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ವಿಮಾನಗಳು ಎದುರಾದರೆ ಅವುಗಳ ನಡುವಣ ಹತ್ತು ಕಿಲೋಮೀಟರ್ ದೂರ ಇಪ್ಪತ್ತೇ ಸೆಕೆಂಡಿನಲ್ಲಿ ಕರಗಿಹೋಗುತ್ತದೆ. ಅದರ ಮೇಲೆ ಕಣ್ಣಿನದೇ ಆದ ಒಂದು ದೌರ್ಬಲ್ಯವಿದೆ: ಚಲಿಸುವ ದೀಪ ಗಮನವನ್ನು ಸೆಳೆಯುತ್ತದೆ, ಆದರೆ ಢಿಕ್ಕಿಯ ಪಥದಲ್ಲಿರುವ ವಿಮಾನದ ದೀಪವು ಗಾಜಿನ ಮೇಲೆ ಒಂದೇ ಜಾಗದಲ್ಲಿ ಅಂಟಿದಂತೆ ನಿಂತು, ಬರಬರುತ್ತ ಪ್ರಖರವಾಗುತ್ತದೆಯೇ ಹೊರತು ಪಕ್ಕಕ್ಕೆ ಸರಿಯುವುದಿಲ್ಲ. ಅದನ್ನು ನಕ್ಷತ್ರವೆಂದು ಭ್ರಮಿಸುವುದು ಸುಲಭ. ಆದ್ದರಿಂದ ‘ಕದಲದ ದೀಪವನ್ನು ನಂಬಬೇಡ’ ಎಂಬ ಎಚ್ಚರಿಕೆಯನ್ನು ಶಿಕ್ಷಣದ ಕಾಲದಲ್ಲಿಯೇ ವೈಮಾನಿಕರ ಮನಸ್ಸಿಗೆ ನಾಟಿಸುತ್ತಾರೆ. ಇನ್ನು ಮೋಡದೊಳಗೆ ಎಷ್ಟು ದೀಪವಿದ್ದರೂ ನಿಷ್ಫಲ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ, ದೆಹಲಿಯಿಂದ ಹೊರಟ ಸೌದಿ ದೇಶದ ಬೋಯಿಂಗ್ 747ಕ್ಕೂ ದೆಹಲಿಗೆ ಬರುತ್ತಿದ್ದ ಕಜಕಿಸ್ತಾನದ ಇಲ್ಯೂಶಿನ್ 76ಕ್ಕೂ ಢಿಕ್ಕಿಯಾಗಿ ಎರಡರಲ್ಲಿದ್ದ 349 ಜನರೂ ಸತ್ತರು. ಇಳಿಯುತ್ತಿದ್ದ ವಿಮಾನವು ತನಗೆ ನಿಗದಿಯಾದ ಎತ್ತರಕ್ಕಿಂತ ಕೆಳಗೆ ಬಂದಿತ್ತು. ಆ ದುರಂತದ ತರುವಾಯ, ಹತ್ತಿರದ ವಿಮಾನವನ್ನು ರೇಡಿಯೋ ಅಲೆಗಳಿಂದ ಪತ್ತೆಹಚ್ಚಿ ‘ಏರು’, ‘ಇಳಿ’ ಎಂದು ಚಾಲಕನಿಗೆ ಆದೇಶ ಕೊಡುವ ಟಿಕ್ಯಾಸ್ ಉಪಕರಣವನ್ನು ಭಾರತದಲ್ಲಿ ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯ ಮಾಡಿದರು. ಉಪಕರಣ ಬಂದಿತೆಂದು ದೀಪದ ಕಟ್ಟಳೆಯನ್ನು ಯಾರೂ ಸಡಿಲಿಸಲಿಲ್ಲ. ಸಡಿಲಿಸಲೂಬಾರದು, ಏಕೆಂದರೆ ಸಣ್ಣ ತರಬೇತಿ ವಿಮಾನಗಳಲ್ಲಿಯೂ ರನ್‌ವೇಯ ಮೇಲಿನ ಸಂಚಾರದಲ್ಲಿಯೂ ಇಂದಿಗೂ ಕಣ್ಣೇ ಮುಖ್ಯವಾದ ಆಸರೆ.

ದೀಪದ ವಿಧಿಯು ನೆಲದ ಮೇಲಿರುವ ನಮಗೂ ಅನ್ವಯಿಸುತ್ತದೆಯೆಂಬುದು ಹೆಚ್ಚು ಜನರಿಗೆ ತಿಳಿಯದು. ವಿಮಾನನಿಲ್ದಾಣದ ಸಮೀಪದಲ್ಲಿ, ನಿಲ್ದಾಣದ ದೀಪವೆಂದು ಭ್ರಾಂತಿಯುಂಟುಮಾಡುವ ಅಥವಾ ಚಾಲಕರ ಕಣ್ಣು ಕುಕ್ಕುವ ಬೆಳಕನ್ನು ತೋರುವುದು ನಮ್ಮ ದೇಶದ ಕಾನೂನಿನಲ್ಲಿ ನಿಷಿದ್ಧ. ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಹಸಿರು ಲೇಸರ್ ಕಡ್ಡಿಯನ್ನು ಹುಡುಗರು ಆಟಕ್ಕೆಂದು ವಿಮಾನದ ಕಡೆಗೆ ಹಿಡಿಯುವುದುಂಟು. ಕೈಯಲ್ಲಿ ಚುಕ್ಕೆಯಾಗಿ ಹೊರಡುವ ಆ ಕಿರಣ ದೂರ ಹೋದಂತೆ ಹರಡಿ, ಕಾಕ್‌ಪಿಟ್ಟಿನ ಗಾಜಿಗೆ ತಾಗಿದಾಗ ಗಾಜೆಲ್ಲ ಒಮ್ಮೆಗೇ ಹಸಿರಾಗಿ ಬೆಳಗಿ, ಇರುಳಿಗೆ ಹೊಂದಿಕೊಂಡಿದ್ದ ಚಾಲಕರ ಕಣ್ಣು ಕೆಲಕಾಲ ಏನನ್ನೂ ಕಾಣದಂತಾಗುತ್ತದೆ. ನೆಲ ಮುಟ್ಟುವುದಕ್ಕೆ ಒಂದೆರಡು ನಿಮಿಷವಿರುವಾಗ ಹೀಗಾದರೆ ಒಳಗಿರುವ ಎಪ್ಪತ್ತೋ ನೂರೆಂಬತ್ತೋ ಜನರ ಪ್ರಾಣ ಅಪಾಯಕ್ಕೆ ಸಿಲುಕುತ್ತದೆ. ರಾತ್ರಿಯ ಹಾರಾಟದಲ್ಲಿ ಏರುವಾಗಲೂ ಇಳಿಯುವಾಗಲೂ ಪ್ರಯಾಣಿಕರ ಕೋಣೆಯ ದೀಪಗಳನ್ನು ಸಹ ಮಂದಮಾಡುವುದು, ತುರ್ತಿನಲ್ಲಿ ಹೊರಗೆ ಓಡಬೇಕಾದವರ ಕಣ್ಣು ಮೊದಲೇ ಕತ್ತಲೆಗೆ ಒಗ್ಗಿರಲೆಂದು. ಅಂಥ ಹೊತ್ತಿನಲ್ಲಿ ಆ ಕಡ್ಡಿಯನ್ನು ಆಕಾಶಕ್ಕೆ ಹಿಡಿದ ಹುಡುಗನನ್ನು ಕಂಡ ಹಿರಿಯರು ಅದನ್ನು ಕೂಡಲೇ ಕಸಿದುಕೊಂಡು, ಮೇಲೆ ಹೋಗುತ್ತಿರುವ ಕೆಂಪು ಹಸಿರುಗಳ ಅರ್ಥವನ್ನು ಅವನಿಗೆ ತಿಳಿಸಿಕೊಡಬೇಕು.